ನಂದಿಬೆಟ್ಟದ ಗೆರೆ

ಮೊನ್ನೆ ಜಕ್ಕೂರಿಗೆ, ತಂಗಿ ಸುಮಳ ಮನೆಗೆ ಹೋಗಿದ್ದೆ. ಹನ್ನೊಂದನೇ ಮಹಡಿ. ಹಿಂದಿನ ದಿನವೆಲ್ಲ ಮಳೆ ಹೊಡೆದು ಆಕಾಶ ತೊಳೆದಿಟ್ಟ ಹಾಗಿತ್ತು. ಅವಳು ಕಾಫಿ ಲೋಟ ಕೈಗೆ ಕೊಟ್ಟು, "ಬಾರೇ ಅಕ್ಕ, ಇವತ್ತು ನಂದಿಬೆಟ್ಟ ಕಾಣ್ತಿದೆ" ಎಂದು ಬಾಲ್ಕನಿಗೆ ಎಳೆದುಕೊಂಡು ಹೋದಳು. ನೋಡಿದೆ. ಕೆಳಗೆ ಕೆರೆ, ಆಮೇಲೆ ಲೆಕ್ಕವಿಲ್ಲದಷ್ಟು ಕಟ್ಟಡಗಳು, ಎಲ್ಲದರ ಹಿಂದೆ ನಂದಿಬೆಟ್ಟ. ಈ ತುದಿಯಿಂದ ಆ ತುದಿಯವರೆಗೆ ಅದರ ಅಂಚು ಎಲ್ಲೂ ಕಡಿದುಹೋಗದೆ ಒಂದೇ ಗೆರೆಯಾಗಿ ಎದ್ದು ಕಾಣುತ್ತಿತ್ತು.

ನನಗೆ ಸಿಟ್ಟು ಬಂತು. ಅರವತ್ತು ದಾಟಿದ ಹೆಂಗಸಿಗೆ ಬೆಟ್ಟದ ಮೇಲೆ ಸಿಟ್ಟು ಬರುವುದೆಂದರೆ ಯಾರಾದರೂ ನಗುತ್ತಾರೆ. ಸುಮಾ ನಕ್ಕಳು ಕೂಡ.

"ಇನ್ನೂ ಅದೇನಾ ನಿಂದು?"

"ಅದೇ. ಏನೀಗ?"

ಕಾಫಿ ಅರ್ಧಕ್ಕೇ ಬಿಟ್ಟು ಒಳಗೆ ಬಂದು ಕೂತೆ. ಆ ಗೆರೆ ನನ್ನ ಒಂದು ವರ್ಷ ತಿಂದಿದೆ. ಒಂದು ವರ್ಷವೇನು, ಮುಂದಿನದ್ದೆಲ್ಲವನ್ನೂ ಅದೇ ತಿಂದಿತು ಎಂದು ಬಹಳ ಕಾಲ ಅಂದುಕೊಂಡಿದ್ದೆ.

ಆಗ ನಮ್ಮ ಮನೆ ಗಂಗಾನಗರದಲ್ಲಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೆಬ್ಬಾಳ ದಾಟಿದರೆ ಊರೇ ಮುಗಿಯಿತು ಎನ್ನುತ್ತಿದ್ದೆವು. ಅಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ಬೆಳಗ್ಗೆ ಸೈಕಲ್ಲಿನಲ್ಲಿ ಹೋದರೆ ಸಂಜೆಗೇ ಬರುವುದು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ, ಯಾವುದಾದರೂ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗುವುದು. ಅದಕ್ಕೊಂದು ತರಬೇತಿ ಇತ್ತು. ಸೇರಬೇಕಾದರೆ ಸ್ವಂತ ಕೈಯಿಂದ ಬರೆದ ಒಂದು ಪ್ರಕೃತಿ ದೃಶ್ಯವನ್ನು ತೆಗೆದುಕೊಂಡು ಹೋಗಿ ಮೂರು ಜನ ಪರೀಕ್ಷಕರ ಮುಂದೆ ಇಡಬೇಕು. ಮೊದಲ ಸಲ ಇಟ್ಟೆ. ಚಿತ್ರ ವಾಪಸ್ಸು ಬಂತು. ಹಿಂದೆ ಕೆಂಪು ಪೆನ್ಸಿಲಿನಲ್ಲಿ ಎರಡೇ ಪದ: "ದೂರ ಇಲ್ಲ."

ನಾನು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೆರೆ ಇದೆ, ತೋಟ ಇದೆ, ತೋಟದಾಚೆ ಬೆಟ್ಟ ಇದೆ. ಬೆಟ್ಟ ಚಿಕ್ಕದಾಗಿಯೇ ಇದೆ. ಇನ್ನೇನು ದೂರ ಬೇಕು ಇವರಿಗೆ? ಆದರೆ ಹಾಳೆಯನ್ನು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಾಗ ಗೊತ್ತಾಯಿತು. ಕೆರೆ, ತೋಟ, ಬೆಟ್ಟ ಎಲ್ಲವೂ ಒಂದೇ ಗೋಡೆಗೆ ಅಂಟಿಸಿದ ಹಾಗೆ ಇದ್ದವು. ಬೆಟ್ಟ ದೂರದಲ್ಲಿರುವ ದೊಡ್ಡ ಬೆಟ್ಟವಲ್ಲ, ತೋಟದ ಬೇಲಿ ಮೇಲೆ ಯಾರೋ ಇಟ್ಟುಹೋದ ಚಿಕ್ಕ ಕಲ್ಲು.

ಅಪ್ಪನಿಗೆ ಇದೆಲ್ಲ ಬೇಡವಾಗಿತ್ತು. "ಟೈಪಿಂಗ್ ಕಲಿತ್ಕೊಳ್ಳಲಿ. ಆರು ತಿಂಗಳಲ್ಲಿ ಕೆಲಸ ಸಿಗುತ್ತೆ. ಈ ಬಣ್ಣ ಬಳಿಯೋದ್ರಿಂದ ಏನು ಸಿಗುತ್ತೆ?"

ನನ್ನ ಪರವಾಗಿ ಮಾತಾಡಿದ್ದು ಅಮ್ಮ. ಅವಳು ನಾಲ್ಕನೇ ಕ್ಲಾಸು ಓದಿದವಳು. ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಇನ್ನೊಂದು ಸಲ ಬರೀಲಿ ಬಿಡ್ರೀ. ಒಂದೇ ಸಲಕ್ಕೆ ದೋಸೇನೂ ಏಳಲ್ಲ" ಅಂದಳು. ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಸರಿ, ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಟೈಪಿಂಗು. ಆಮೇಲೆ ಚಕಾರ ಎತ್ತಬಾರದು" ಎಂದರು. ಮುಂದಿನ ಪರೀಕ್ಷೆ ಸಂಕ್ರಾಂತಿ ಕಳೆದ ಮೇಲೆ. ದೀಪಾವಳಿಯಿಂದ ಅಲ್ಲಿಯವರೆಗೆ ನನ್ನ ಕೈಯಲ್ಲಿ ಎರಡು ಎರಡೂವರೆ ತಿಂಗಳು.

ಭಾನುವಾರಗಳಲ್ಲಿ ಚೆನ್ನಪ್ಪ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಆರ್.ಟಿ. ನಗರದಲ್ಲಿ ಒಂದು ಔಟ್‌ಹೌಸು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬಾಯ್ತುಂಬ ಎಲೆ ಅಡಿಕೆ. ಅವರ ಪಾಠ ಎಂದರೆ ಒಂದೇ ಮಾತು.

"ದೂರದ್ದಕ್ಕೆ ನೀಲಿ ಹಾಕಮ್ಮ."

ಹಾಕಿದೆ. ಬೆಟ್ಟ ನೀಲಿ ಕಲ್ಲಾಯಿತು.

"ಜಾಸ್ತಿ ಆಯ್ತು. ನೀರು ಸೇರಿಸು, ತೆಳು ಮಾಡು."

ತೆಳು ಮಾಡಿದೆ. ಬಟ್ಟೆಗೆ ನೀಲಿ ಹಾಕಿದ ಬಕೀಟಿನ ನೀರಿನ ಹಾಗೆ ಕಂಡಿತು. ಆದರೂ ಬೆಟ್ಟ ಹಿಂದಕ್ಕೆ ಹೋಗಲಿಲ್ಲ. ಬಣ್ಣ ಮಾಸಿದ ಬೆಟ್ಟವೊಂದು ಅಲ್ಲೇ, ಬೇಲಿಯ ಮೇಲೇ ಕೂತಿತ್ತು.

"ಇನ್ನೇನು ಮಾಡ್ಲಿ ಸರ್?"

"ನೋಡಮ್ಮ ನಾಗರತ್ನ, ಮನೇಲಿ ಕೂತ್ಕೊಂಡು ದೂರ ಬರೆಯಕ್ಕಾಗಲ್ಲ. ಹೆಬ್ಬಾಳ ಕೆರೆ ಏರಿ ಮೇಲೆ ಹೋಗಿ ಕೂತ್ಕೋ. ಬೆಳಗ್ಗೆ ಹೊತ್ತು ಬೆಟ್ಟ ಕಾಣುತ್ತೆ. ದಿನಾ ನೋಡು. ನೋಡ್ತಾ ನೋಡ್ತಾ ಬರುತ್ತೆ."

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿ ಬೆಳ್ಳಂಬೆಳಗ್ಗೆ ಒಬ್ಬಳೇ ಕೆರೆ ಏರಿ ಮೇಲೆ ಕೂರುತ್ತೇನೆ ಅಂದರೆ ಏನಾಗುತ್ತದೆ ಎಂದು ಮೇಷ್ಟ್ರಿಗೇನು ಗೊತ್ತು? ನಾನು ಹುಟ್ಟಿದಾಗಿನಿಂದ ನೋಡಿದ್ದೇ ಹತ್ತಿರದ್ದು. ಕಿಟಕಿ ತೆಗೆದರೆ ಎದುರು ಮನೆಯ ಕಾಂಪೌಂಡು. ಹಿತ್ತಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲು, ಅದರ ಹಿಂದೆ ಪಕ್ಕದ ಮನೆಯವರ ಗೋಡೆ. ಹೊರಗೆ ಹೊರಟರೆ "ತಲೆ ತಗ್ಗಿಸ್ಕೊಂಡು ಹೋಗು". ಹೀಗೆ ಸಾಕಿದ ಮೇಲೆ ದೂರ ಬರೆದುಕೊಂಡು ಬಾ ಎನ್ನುವುದು! ಆ ಪರೀಕ್ಷಕರನ್ನು ಒಂದು ವಾರ ನಮ್ಮ ಹಿತ್ತಲಲ್ಲಿ ನಿಲ್ಲಿಸಬೇಕು ಎಂದು ನನಗೆ ರೋಷ ಉಕ್ಕುತ್ತಿತ್ತು.

ಅದಕ್ಕೂ ಅಮ್ಮನೇ ದಾರಿ ಮಾಡಿದಳು. ಅಪ್ಪನ ಅಕ್ಕ ಸೀತತ್ತೆ ನಮ್ಮ ಜೊತೆಯಲ್ಲೇ ಇದ್ದರು. ಅವರಿಗೆ ಮಂಡಿ ನೋವು. "ಬೆಳಗ್ಗೆ ನಡೆದ್ರೆ ಮಂಡಿಗೆ ಒಳ್ಳೇದಂತೆ ಕಣ್ರೀ" ಎಂದು ಒಂದು ವಾರ ಅವರ ಕಿವಿ ಕಚ್ಚಿ, ಕೊನೆಗೆ ನನ್ನ ಜೊತೆ ಏರಿಗೆ ಹೊರಡಿಸಿದಳು.

ಸೀತತ್ತೆ ಒಳ್ಳೆಯವರು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಏರಿಯ ಮೇಲೆ ಹೊಂಗೆ ಮರದ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತರೆಂದರೆ ಶುರು.

"ಅಗೋ ಅಲ್ಲಿ ಕೆಂಪು ಹೆಂಚು ಕಾಣ್ತಿದೆಯಲ್ಲ, ಅದು ದ್ರಾಕ್ಷಿ ತೋಟದವರ ಮನೆ ಕಣೇ. ಮೂರು ಜನ ಸೊಸೇರು. ಬರಿ, ಅದನ್ನೂ ಬರಿ."

"ಅಷ್ಟು ದೂರದ್ದು ಬರೀಬಾರದು ಅತ್ತೆ."

"ಯಾಕೆ? ಕಾಣ್ತಿದೆಯಲ್ಲ! ಅದರ ಪಕ್ಕದಲ್ಲಿ ಮಾವಿನ ಮರ ಇದೆ, ಬಿಡಬೇಡ. ಪಾಪ, ಏನೋ ಅಂದ್ಕೊಂಡಾರು."

ಹುಲ್ಲು ಕೊಯ್ಯಲು ಬರುತ್ತಿದ್ದ ಹೆಬ್ಬಾಳದ ಮುನಿಯಮ್ಮನೂ ಹೊರೆ ಇಳಿಸಿ ಚಿತ್ರ ನೋಡಲು ನಿಲ್ಲುತ್ತಿದ್ದಳು. "ಅಕ್ಕಾ, ಇಂಗೆ ಬರ್ದಿದ್ದೀರಲ್ಲ, ಆಚೆ ತ್ವಾಟದ್ ತಾವ ನಮ್ ಉಣ್ಸೆ ಮರ ಎಲ್ಲೋಯ್ತು?" ಅವಳ ಹುಣಸೆ ಮರ ಅಲ್ಲಿ ಒಂದು ಸಾಸಿವೆ ಕಾಳಿನಷ್ಟೂ ಕಾಣುತ್ತಿರಲಿಲ್ಲ. ಆದರೆ ಅವಳಿಗೆ ಅದು ಅಲ್ಲಿದೆ ಎಂದು ಗೊತ್ತು, ಗೊತ್ತಿದ್ದ ಮೇಲೆ ಕಾಣಲೇಬೇಕು. ಇಬ್ಬರೂ ಸೇರಿ ನನ್ನ ಚಿತ್ರಕ್ಕೆ ಊರಿನವರನ್ನೆಲ್ಲ ತುಂಬಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೆ, ಹರಿಯುತ್ತಿದ್ದೆ. ನವೆಂಬರ್ ಪೂರ್ತಿ ಹೀಗೇ ಹೋಯಿತು. ನೀರಿನ ಮೇಲೆ ಹೊಗೆಯ ಹಾಗೆ ಮಂಜು ಎದ್ದು ಬೆಟ್ಟ ಅರ್ಧ ಕರಗಿ ನಿಲ್ಲುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು, ಎಷ್ಟು ಚೆಂದ ಕಾಣುತ್ತಿತ್ತು! ಕೈಗೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಬ್ರಷ್ಷನ್ನು ಕೆರೆಗೇ ಎಸೆದುಬಿಟ್ಟೆ. ಮುನಿಯಮ್ಮ ಮಂಡಿಯವರೆಗೆ ನೀರಿಗಿಳಿದು ಜೊಂಡಿನಲ್ಲಿ ಹುಡುಕಿ ತಂದುಕೊಟ್ಟಳು. ನಾಚಿಕೆಯಾಯಿತು. ಆದರೆ ಸಿಟ್ಟು ಇಳಿಯಲಿಲ್ಲ.

ಧನುರ್ಮಾಸ ಬಂತು. ನಮ್ಮ ಮನೆಯಲ್ಲಿ ಧನುರ್ಮಾಸವೆಂದರೆ ರಂಗೋಲಿ. ಅಮ್ಮ ಕತ್ತಲಿರುವಾಗಲೇ ಎದ್ದು ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ ಗುಡಿಸಿ, ಹೊಸಿಲಿನಿಂದ ಗೇಟಿನವರೆಗೆ ಬಿಡುತ್ತಿದ್ದಳು. ಕಮಲ, ಬಳ್ಳಿ, ಶಂಖ, ಮತ್ತೆ ಬಳ್ಳಿ. ಇಡೀ ಬೀದಿಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಬೆರಳ ಸಂದಿಯಿಂದ ಪುಡಿ ಇಳಿಯುವಾಗ ಎಳೆ ಎಲ್ಲೂ ದಪ್ಪವಾಗುತ್ತಿರಲಿಲ್ಲ, ಎಲ್ಲೂ ತೆಳುವಾಗುತ್ತಿರಲಿಲ್ಲ. ನನಗೂ ಐದನೇ ವರ್ಷದಿಂದ ಅದೇ ಪಾಠ. ಅಮ್ಮನ ಕಟ್ಟಳೆ ಒಂದೇ ಒಂದು: ಗೆರೆ ಕೂಡಬೇಕು. ಶುರು ಮಾಡಿದ ಎಳೆ ಸುತ್ತಿ ಬಂದು ಎಲ್ಲಾದರೂ ಸೇರಲೇಬೇಕು. ನಡುವೆ ಬಿಟ್ಟರೆ ಮನೆಗೆ ಆಗಿಬರುವುದಿಲ್ಲ. ನಾನು ಅವಸರದಲ್ಲಿ ಒಂದೆರಡು ಕಡೆ ಬಿಟ್ಟಿದ್ದರೆ, ಬೈಯದೆ, ನನ್ನ ಹಿಂದೆಯೇ ಬಗ್ಗಿಕೊಂಡು ಬಂದು ಚಿಟಿಕೆ ಪುಡಿಯಲ್ಲಿ ಕೂಡಿಸಿಬಿಡುತ್ತಿದ್ದಳು. "ಬಿಟ್ಟೋಗಿತ್ತು ನೋಡು" ಎನ್ನುತ್ತಿದ್ದಳು ಅಷ್ಟೆ.

ಆ ದಿನ ಮಧ್ಯಾಹ್ನ ನಾನು ಹೊಸಿಲ ಮೇಲೆ ಕೂತಿದ್ದೆ. ಬೆಳಗ್ಗೆ ಬರೆದದ್ದನ್ನೂ ಹರಿದು ಒಲೆಗೆ ಹಾಕಿ ಬಂದಿದ್ದೆ, ಊಟ ಬೇಡ ಅಂದಿದ್ದೆ, ಯಾರ ಮುಖವನ್ನೂ ನೋಡುವುದು ಬೇಡವಾಗಿತ್ತು. ಸುಮ್ಮನೆ ಅಂಗಳ ನೋಡುತ್ತಿದ್ದೆ. ಹೊಸಿಲ ಹತ್ತಿರದ ರಂಗೋಲಿ ಬೆಳಗ್ಗೆ ಬಿಟ್ಟ ಹಾಗೇ ಇತ್ತು, ಎಳೆ ಎಳೆ ಎಣಿಸಬಹುದು. ಆಚೆ ಆಚೆ ಹೋದಂತೆ ಹಾಲಿನವನ ಸೈಕಲ್ಲು, ತರಕಾರಿಯವಳ ಕಾಲು, ಬೀದಿ ಹಸು ಎಲ್ಲ ತುಳಿದು, ಗೇಟಿನ ಹತ್ತಿರದ ಕಮಲಗಳು ಅರ್ಧಂಬರ್ಧವಾಗಿದ್ದವು. ಒಂದು ಕಡೆ ಗೆರೆ ಇದೆ, ಮುಂದೆ ಇಲ್ಲ, ಮತ್ತೆಲ್ಲೋ ಶುರುವಾಗುತ್ತದೆ. ಆದರೂ ಅದು ಕಮಲ ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು. ನಮ್ಮ ಅಂಗಳ ಹದಿನೈದು ಅಡಿ. ಆ ಹೊತ್ತಿನಲ್ಲಿ ಅದು ಒಂದು ಮೈಲಿ ಉದ್ದ ಕಂಡಿತು.

ಎದ್ದು ನಿಂತುಬಿಟ್ಟೆ. ಒಳಗೆ ಹೋಗಿ ಹಳೆಯ ಚಿತ್ರ ತೆಗೆದು ನೋಡಿದೆ. ಬೆಟ್ಟದ ಸುತ್ತ, ತೋಟದ ಸುತ್ತ, ಒಂದೊಂದು ಮರದ ಸುತ್ತ, ಕೂಡಿದ ಗೆರೆ. ಬಣ್ಣ ಎಷ್ಟು ತೆಳು ಮಾಡಿದ್ದರೂ ಗೆರೆ ಮಾತ್ರ ಎಲ್ಲೂ ಬಿಟ್ಟಿಲ್ಲ. ಹತ್ತಿರದ ಜೊಂಡಿಗೂ ಎಂಟು ಹರದಾರಿ ಆಚೆಯ ಬೆಟ್ಟಕ್ಕೂ ಅದೇ ಎಳೆ, ಅದೇ ದಪ್ಪ. ಹದಿನಾರು ವರ್ಷ ರಂಗೋಲಿ ಬಿಟ್ಟ ಕೈ ಅದು. ಬಿಟ್ಟುಬಿಡು ಎಂದು ಕಣ್ಣು ಹೇಳಿದರೂ ಕೈ ಬಿಟ್ಟಿರಲಿಲ್ಲ.

ಭಾನುವಾರ ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ಎಲೆ ಅಡಿಕೆ ಉಗಿದು ಬಂದು, "ಅದನ್ನೇ ಅಲ್ವೇನಮ್ಮ ನಾನು ಇಷ್ಟು ದಿನದಿಂದ ಬಡ್ಕೊಳ್ತಾ ಇರೋದು?" ಅಂದರು.

"ಇಲ್ಲ ಸರ್. ನೀವು ನೀಲಿ ಹಾಕು ಅಂದ್ರಿ. ಗೆರೆ ಬಿಡು ಅಂತ ಒಂದು ದಿನವಾದ್ರೂ ಹೇಳಿದ್ರಾ?"

ಅವರು ಬಾಯಿ ಒರೆಸಿಕೊಂಡು, "ಹೇಳ್ಲಿಲ್ಲ ಅನ್ಸುತ್ತೆ" ಅಂದರು. ಅವರ ಮೇಲಿದ್ದ ಅರ್ಧ ಸಿಟ್ಟು ಅಲ್ಲಿಗೆ ಹೋಯಿತು.

ಸೀತತ್ತೆಗೂ ಹೇಳಿದೆ, ಮುನಿಯಮ್ಮನಿಗೂ ಹೇಳಿದೆ. ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಗೆ ಹೇಳುವುದು? ನಿನ್ನ ರಂಗೋಲಿ ಹಸು ತುಳಿದ ಮೇಲೆ ಚೆನ್ನಾಗಿ ಕಂಡಿತು ಅನ್ನಲೇ? ನೀನು ಕಲಿಸಿದ್ದೇ ನನಗೆ ಅಡ್ಡ ಬಂದಿತ್ತು ಅನ್ನಲೇ? ಚಳಿಯಲ್ಲಿ ಕಾಲು ಬಿರಿದುಕೊಂಡು ಅಂಗಳದಲ್ಲಿ ಬಗ್ಗುತ್ತಿದ್ದವಳು. ನೊಂದುಕೊಂಡಾಳು ಎಂದು ಸುಮ್ಮನಾದೆ. ಪಾಸಾದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಸಂಕ್ರಾಂತಿಗೆ ಮುಂಚಿನ ಹತ್ತು ದಿನ ಅದೊಂದೇ ಚಿತ್ರ ಬರೆದೆ. ಕೆಳಗೆ ಏರಿಯ ಕಲ್ಲು, ಜೊಂಡು. ಅದಕ್ಕೆ ಗಟ್ಟಿ ಬಣ್ಣ, ಗಟ್ಟಿ ಗೆರೆ. ನೀರು ಆಚೆ ಹೋದಂತೆ ಬಿಳುಪು. ತೋಟದ ಮರಗಳಿಗೆ ಗೆರೆಯೇ ಇಲ್ಲ, ಬರೀ ಒದ್ದೆ ಬಣ್ಣ. ಸೀತತ್ತೆಯ ಕೆಂಪು ಹೆಂಚೂ ಇಲ್ಲ, ಮುನಿಯಮ್ಮನ ಹುಣಸೆಯೂ ಇಲ್ಲ. ಕೊನೆಗೆ ಬೆಟ್ಟ. ಎಡಗಡೆ ಅಂಚನ್ನು ಸ್ವಲ್ಪ ಹಿಡಿದು ನಡುವೆ ಬಿಡಬೇಕು. ಬೆಟ್ಟ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಗೊತ್ತಾಗಬಾರದು. ಆ ಬಿಡುವ ಜಾಗಕ್ಕೆ ಬಂದಾಗ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ನಿಲ್ಲಿಸಿಕೊಂಡೆ. ತಮಾಷೆಯಲ್ಲ, ನಿಜವಾಗಿಯೂ ಹಿಡಿದುಕೊಂಡೆ. ಹಾಳೆಯನ್ನು ಗೋಡೆಗೆ ಒರಗಿಸಿ ಹಿಂದೆ ಹೋಗಿ ನಿಂತರೆ, ಅಯ್ಯೋ, ಬೆಟ್ಟ ಹೋಗಿತ್ತು! ಹಿಂದೆ, ಎಷ್ಟೋ ಹಿಂದೆ, ಒಂದು ದಿನ ನಡೆದರೂ ಸಿಗದಷ್ಟು ಹಿಂದೆ. ನಾನು ಕೂತುಕೊಂಡು ಅತ್ತುಬಿಟ್ಟೆ. ಸೀತತ್ತೆ ಬಂದು ನೋಡಿ, "ನಮ್ಮ ಕೆರೇನೇ ಕಣೇ!" ಅಂದರು.

ಚಿತ್ರ ಒಪ್ಪಿಸುವ ದಿನ ಬೆಳಗ್ಗೆ ನಾನು ಸ್ನಾನಕ್ಕೆ ಹೋದೆ. ಹಾಳೆ ನಡುಮನೆಯ ಮೇಜಿನ ಮೇಲಿತ್ತು. ಪಕ್ಕದಲ್ಲಿ ಬಣ್ಣದ ತಟ್ಟೆ, ಸಣ್ಣ ಬ್ರಷ್ಷು, ನೀರಿನ ಲೋಟ. ಬರುವ ಹೊತ್ತಿಗೆ ಅಮ್ಮ ಹಾಳೆಯನ್ನು ನೀಟಾಗಿ ಸುರುಳಿ ಸುತ್ತಿ, ಮೇಲೆ ಪೇಪರು ಸುತ್ತಿ, ದಾರ ಕಟ್ಟಿ, ಒಂದು ಕುಂಕುಮದ ಬೊಟ್ಟು ಇಟ್ಟು ದೇವರ ಮುಂದೆ ಇಟ್ಟಿದ್ದಳು. "ಬಸ್ಸಿಗೆ ಹೊತ್ತಾಯ್ತು, ಹೊರಡು ಹೊರಡು" ಎಂದು ಕೈಗೆ ಕೊಟ್ಟಳು. ನಾನು ಬಿಚ್ಚಿ ನೋಡಲಿಲ್ಲ. ಯಾಕೆ ನೋಡಬೇಕು?

ಮೂರು ಜನ ಕೂತಿದ್ದರು. ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಈ ಚಿತ್ರವನ್ನು ಪೂರ್ತಿಯಾಗಿ ನಾನೇ ಬರೆದಿದ್ದೇನೆ, ಬೇರೆ ಯಾರೂ ಕೈ ಹಾಕಿಲ್ಲ. ಸಹಿ ಹಾಕಿದೆ. ಆಮೇಲೆ ಅವರಲ್ಲಿ ಹಿರಿಯರು, ದಪ್ಪ ಕನ್ನಡಕದವರು, ದಾರ ಬಿಚ್ಚಿ ಹಾಳೆ ಹರಡಿ ನಾಲ್ಕು ಮೂಲೆಗೂ ಭಾರ ಇಟ್ಟರು. ನಾನು ಅವರ ಮುಖ ನೋಡುತ್ತಿದ್ದೆ, ಹಾಳೆ ನೋಡಲಿಲ್ಲ. ಅವರ ಮುಖ ಮೊದಲು ಅರಳಿತು. ಆಮೇಲೆ ಹುಬ್ಬು ಗಂಟಾಯಿತು.

"ನೀರು ಚೆನ್ನಾಗಿ ಬಂದಿದೆ. ತೋಟ ಹಿಂದಕ್ಕೆ ಹೋಗಿದೆ. ಇಷ್ಟೆಲ್ಲ ಮಾಡಿದವಳು ಬೆಟ್ಟಕ್ಕೆ ಯಾಕಮ್ಮ ಹೀಗೆ ಬೇಲಿ ಹಾಕ್ಬಿಟ್ಟೆ?"

ಬಗ್ಗಿ ನೋಡಿದೆ. ನಾನು ಬಿಟ್ಟಿದ್ದ ಜಾಗದಲ್ಲಿ ಗೆರೆ ಇತ್ತು. ಕಡುನೀಲಿ ಗೆರೆ. ನಾನು ನಿಲ್ಲಿಸಿದ ಕಡೆಯಿಂದ ಶುರುವಾಗಿ, ಮಂಜಿನ ಮೇಲೆ ಹಾದು, ಬಲಗಡೆಯ ಇಳಿಜಾರಿನವರೆಗೆ, ಎಲ್ಲೂ ನಡುಗದೆ, ಎಲ್ಲೂ ದಪ್ಪವಾಗದೆ, ತೆಳುವಾಗದೆ. ಅದು ಯಾರ ಕೈ ಎಂದು ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಹೇಳಬಹುದಿತ್ತು. ಸರ್, ಈ ಗೆರೆ ನನ್ನದಲ್ಲ, ನಮ್ಮಮ್ಮನದು ಎಂದು ಹೇಳಬಹುದಿತ್ತು. ಆದರೆ ಕಾಗದದ ಮೇಲಿನ ನನ್ನ ಸಹಿ ಇನ್ನೂ ಒಣಗಿರಲಿಲ್ಲ. ಗೆರೆ ಅಮ್ಮನದಾದರೆ ನೀರು ಯಾರದು, ತೋಟ ಯಾರದು ಎಂದು ಕೇಳುತ್ತಾರೆ. ಅಲ್ಲೇ ಬರೆದು ತೋರಿಸು ಅನ್ನುವ ಪದ್ಧತಿ ಇರಲಿಲ್ಲ. ಒಂದು ಗೆರೆ ಬೇರೆಯವರದು ಅಂದ ಕೂಡಲೇ ಚಿತ್ರ ಪೂರ್ತಿ ನನ್ನ ಕೈ ತಪ್ಪುತ್ತದೆ. ಹೇಳದಿದ್ದರೆ ತಪ್ಪು ಗೆರೆ ನನ್ನದಾಗುತ್ತದೆ, ಚಿತ್ರವಾದರೂ ನನ್ನದಾಗಿ ಉಳಿಯುತ್ತದೆ.

"ಗೊತ್ತಾಗ್ಲಿಲ್ಲ ಸರ್" ಅಂದೆ.

"ಛೆ" ಅಂದರು ಅವರು. ಆ ಛೆ ನನಗೆ ಇವತ್ತಿಗೂ ಕೇಳುತ್ತದೆ. ಚಿತ್ರವನ್ನು ಆಗಲೇ ಕೊಟ್ಟು ಕಳಿಸಿದರು. ಹಿಂದೆ ಅದೇ ಕೆಂಪು ಪೆನ್ಸಿಲು: "ಬೆಟ್ಟ ಮುಂದಕ್ಕೆ ಬಂದಿದೆ."

ಬಸ್ಸಿನಲ್ಲಿ ಬರುವಾಗ ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಗೇಟಿನಲ್ಲೇ ನಿಂತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಏನಂದ್ರೇ?" ಅಂದಳು. ನಾನು ಗೇಟು ತೆಗೆಯುವುದರೊಳಗೆ ತಾನೇ ಮುಂದುವರಿಸಿದಳು. "ಬೆಟ್ಟದ ಹತ್ರ ಗೆರೆ ಬಿಟ್ಟೋಗಿತ್ತು ಕಣೇ. ನೀನು ಸ್ನಾನಕ್ಕೆ ಹೋಗಿದ್ದೆ, ಅವಸರದಲ್ಲಿ ಮರೆತಿದ್ದೀಯ ಅಂತ ನಾನೇ ಕೂಡಿಸಿದೆ. ನೋಡಿದ್ಯಾ? ಕೈ ಒಂಚೂರೂ ಅಲ್ಲಾಡಿಲ್ಲ."

"ಯಾರು ಕೇಳಿದ್ರು ನಿನ್ನ?" ಎಂದು ಕಿರುಚಿದೆ. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದೆ. "ಅದು ಮರೆತಿದ್ದಲ್ಲ! ಬೇಕೂಂತ ಬಿಟ್ಟಿದ್ದು! ಎಲ್ಲಾ ಹಾಳು ಮಾಡ್ಬಿಟ್ಟೆ ನೀನು. ನನ್ನ ಜೀವನಾನೇ ಹಾಳು ಮಾಡ್ಬಿಟ್ಟೆ."

ಅಮ್ಮನ ಮುಖ ಬಿಳುಚಿಕೊಂಡಿತು. ಮೊದಲು ಅವಳಿಗೂ ಸಿಟ್ಟೇ ಬಂತು. "ಅರ್ಧ ಬೆಟ್ಟ ಬಿಟ್ಟು ತಗೊಂಡೋದ್ರೆ ಯಾರು ಒಪ್ತಾರೆ ಅಂದ್ಕೊಂಡೆ" ಅಂದಳು. ಆಮೇಲೆ ದನಿ ಇಳಿಯಿತು. "ಬೇಕೂಂತ ಬಿಟ್ಟಿದ್ದು ಅಂತ ನನಗೆ ಯಾರಮ್ಮ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಮೇಷ್ಟ್ರಿಗೆ ಹೇಳಿದ್ದೆ, ಸೀತತ್ತೆಗೆ ಹೇಳಿದ್ದೆ, ಹುಲ್ಲು ಕೊಯ್ಯುವವಳಿಗೆ ಹೇಳಿದ್ದೆ. ಅದಕ್ಕೇ ಇನ್ನೂ ಜೋರಾಗಿ ಕಿರುಚಿದೆ. ಅಪ್ಪ ಸಂಜೆ ಬಂದು ವಿಷಯ ತಿಳಿದು, "ಸರಿ, ಸೋಮವಾರದಿಂದ ಟೈಪಿಂಗು" ಎಂದರು. ಅವರು ಆಡಿ ತೋರಿಸಲಿಲ್ಲ, ಅದು ಅವರ ದೊಡ್ಡತನ.

ಟೈಪಿಂಗ್ ಕಲಿತೆ. ಕೆಲಸವೂ ಸಿಕ್ಕಿತು. ಮೂವತ್ತು ಚಿಲ್ಲರೆ ವರ್ಷ ಒಂದು ಕಚೇರಿಯಲ್ಲಿ ಕುಟ್ಟಿದೆ. ಕೆಟ್ಟ ಬದುಕೇನಲ್ಲ, ಮದುವೆ, ಮನೆ, ಎಲ್ಲ ಆಯಿತು. ಡ್ರಾಯಿಂಗ್ ಟೀಚರ್ ಮಾತ್ರ ಆಗಲಿಲ್ಲ. ಶಾಲೆಯೊಂದರ ಮುಂದೆ ಹೋಗುವಾಗ ಮಕ್ಕಳು ಬಣ್ಣದ ಕೈ ತೊಳೆಯುವುದು ಕಂಡರೆ ಆಚೆ ಕಡೆ ತಿರುಗಿಕೊಂಡು ಹೋಗುತ್ತಿದ್ದೆ.

ಆ ದಿನದ ಮೇಲೆ ಅಮ್ಮ ನನ್ನ ವಸ್ತು ಯಾವುದನ್ನೂ ಕೇಳದೆ ಮುಟ್ಟಲಿಲ್ಲ. ನನ್ನ ರವಿಕೆಯ ಹುಕ್ಕು ಕಿತ್ತು ನೇತಾಡುತ್ತಿದ್ದರೂ, ಸೂಜಿ ದಾರ ಕೈಯಲ್ಲಿ ಹಿಡಿದುಕೊಂಡು ಬಂದು, "ಹಾಕ್ಲಾ?" ಎಂದು ಕೇಳಿ ನಿಲ್ಲುತ್ತಿದ್ದಳು. ಮದುವೆಯಾಗಿ ಹೋಗುವವರೆಗೆ ನಾನು ಅಂಗಳದಲ್ಲಿ ರಂಗೋಲಿ ಬಿಡುವಾಗ ಹಿಂದೆ ಬಂದು ಕೂಡಿಸಲೂ ಇಲ್ಲ. ಬಿಟ್ಟುಹೋದದ್ದು ಬಿಟ್ಟುಹೋದ ಹಾಗೇ ಇರುತ್ತಿತ್ತು. ಅದು ನನಗೆ ಕಾಣುತ್ತಿತ್ತು. "ಕೂಡಿಸಮ್ಮ" ಎಂದು ಒಂದು ಮಾತು ಹೇಳಿದ್ದರೆ ಓಡಿ ಬರುತ್ತಿದ್ದಳು. ಹೇಳಲಿಲ್ಲ. ಅವಳು ಹೋಗಿ ಈಗ ಹನ್ನೆರಡು ವರ್ಷ.

ಜಕ್ಕೂರಿನಿಂದ ಮನೆಗೆ ಬಂದವಳು ನೇರ ಟ್ರಂಕು ತೆಗೆದೆ. ಸೀರೆಗಳ ಕೆಳಗೆ, ಅದೇ ಪೇಪರಿನಲ್ಲಿ ಸುತ್ತಿದ ಹಾಳೆ. ಪೇಪರು ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಚಿತ್ರವನ್ನು ಊಟದ ಮೇಜಿನ ಮೇಲೆ ಹರಡಿದೆ. ನೀರಿನ ಬಣ್ಣದ ಗುಣ ಗೊತ್ತಿದ್ದವರಿಗೆ ಗೊತ್ತು: ಎಷ್ಟು ವರ್ಷವಾದರೂ ಒದ್ದೆ ಬ್ರಷ್ಷಿನಲ್ಲಿ ಮೆಲ್ಲಗೆ ಸವರಿ, ಬಟ್ಟೆಯಲ್ಲಿ ಒತ್ತಿದರೆ ಗೆರೆ ಎದ್ದು ಬರುತ್ತದೆ. ಪೂರ್ತಿ ಬರದಿದ್ದರೂ ಮಸುಕಾಗುತ್ತದೆ. ಇಷ್ಟು ವರ್ಷವೂ ನನಗದು ಗೊತ್ತಿತ್ತು. ಬಟ್ಟಲಲ್ಲಿ ನೀರು ತಂದೆ, ಬ್ರಷ್ಷು ಅದ್ದಿದೆ, ಕನ್ನಡಕ ಹಾಕಿಕೊಂಡು ಬಗ್ಗಿದೆ. ಇವತ್ತು ಇದನ್ನು ಮುಗಿಸಿಯೇ ಬಿಡುತ್ತೇನೆ ಅಂತ.

ಅಷ್ಟು ಹತ್ತಿರದಿಂದ ನಾನು ಆ ಗೆರೆಯನ್ನು ಯಾವತ್ತೂ ನೋಡಿರಲಿಲ್ಲ, ಸಿಟ್ಟು ನೋಡಗೊಟ್ಟಿರಲಿಲ್ಲ. ನನ್ನ ಗೆರೆ ನಿಂತ ಕಡೆ ಒಂದು ಸಣ್ಣ ಚುಕ್ಕಿ. ರಂಗೋಲಿಗೆ ಇಡುವ ಹಾಗೆ ಮೊದಲು ಚುಕ್ಕಿ ಇಟ್ಟು, ಅಲ್ಲಿಂದ ಎಳೆ ಹಿಡಿದಿದ್ದಾಳೆ. ಹುಟ್ಟಿದಾಗಿನಿಂದ ಬ್ರಷ್ಷು ಹಿಡಿದವಳಲ್ಲ. ಅವಳ ಸಾವಿರಾರು ರಂಗೋಲಿ ಮಾರನೆಯ ಬೆಳಗ್ಗೆ ಅವಳೇ ಗುಡಿಸಿ ಹಾಕಿದ್ದಾಳೆ. ಒಂದರ ಫೋಟೋ ಕೂಡ ನಮ್ಮ ಯಾರ ಹತ್ತಿರವೂ ಇಲ್ಲ. ಅವಳ ಕೈಯ ಎಳೆ ಅಂತ ಉಳಿದಿರುವುದು ನನ್ನ ಈ ಬೆಟ್ಟದ ಮೇಲೆ ಮಾತ್ರ. ಬ್ರಷ್ಷಿನ ತುದಿಯಲ್ಲಿ ನೀರು ತೊಟ್ಟಿಕ್ಕುವ ಹಾಗಿತ್ತು, ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಂಡೆ.

ರಾತ್ರಿ ಅಡುಗೆ ಹೊತ್ತಿಗೆ ಸುಮಾ ಫೋನ್ ಮಾಡಿದಳು. "ಸಿಟ್ಟು ಇಳೀತಾ?" ಎಂದು ನಗುತ್ತಾ ಕೇಳಿದಳು.

"ಎಲ್ಲಿ ಇಳಿಯುತ್ತೆ? ಆ ಗೆರೆ ತಪ್ಪು ಕಣೇ. ಇವತ್ತಿಗೂ ತಪ್ಪೇ. ಬೆಟ್ಟ ಮುಂದಕ್ಕೇ ಬಂದಿದೆ."

"ಅಳಿಸಿಬಿಡು ಹಾಗಾದ್ರೆ."

ಮೇಜಿನ ಕಡೆ ನೋಡಿದೆ. ಹಾಳೆಯ ನಾಲ್ಕು ಮೂಲೆಗೂ ಡಬ್ಬಿಗಳನ್ನಿಟ್ಟಿದ್ದೆ. ದೀಪದ ಬೆಳಕಿಗೆ ಬೆಟ್ಟ ಎದ್ದು ಕಾಣುತ್ತಿತ್ತು.

"ಇಲ್ಲ" ಅಂದೆ. "ನೀನೇ ಬಂದು ನೋಡು. ಕೈ ಒಂಚೂರೂ ಅಲ್ಲಾಡಿಲ್ಲ."